ಅಗ್ಗದ ಏಕಮುಖ ವಿಮಾನ ದರ: ಜಾಹೀರಾತಿನ ಅಂಕಿಯೂ ಪ್ರಯಾಣದ ನಿಜವೆಚ್ಚವೂ

ವಿಮಾನಯಾನವು ಕೆಲವೇ ಸಿರಿವಂತರಿಗೂ ಉನ್ನತ ಅಧಿಕಾರಿಗಳಿಗೂ ಮೀಸಲಾಗಿದ್ದ ಕಾಲವು ಸರಿದುಹೋಗಿದೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮೊದಲಾದ ನಗರಗಳಲ್ಲಿ ಉದ್ಯೋಗ ನಿಮಿತ್ತ ನೆಲೆಸಿರುವ ಕನ್ನಡಿಗ ಕುಟುಂಬಗಳು ಗೌರಿ-ಗಣೇಶ, ದಸರಾ, ದೀಪಾವಳಿ ಹಬ್ಬಗಳಿಗೂ, ಮದುವೆ-ಮುಂಜಿಗಳಿಗೂ, ಊರಿನಲ್ಲಿರುವ ವೃದ್ಧ ತಂದೆತಾಯಿಯರ ಅನಾರೋಗ್ಯದಂತಹ ತುರ್ತು ಸಂದರ್ಭಗಳಿಗೂ ಇಂದು ವಿಮಾನವನ್ನು ಆಶ್ರಯಿಸುತ್ತಿವೆ. ಇಂತಹ ಕುಟುಂಬಗಳ ಗಮನ ಸೆಳೆಯುವುದಕ್ಕಾಗಿಯೇ ಪತ್ರಿಕೆಗಳಲ್ಲಿ, ರಸ್ತೆಬದಿಯ ಫಲಕಗಳಲ್ಲಿ ಹಾಗೂ ಮೊಬೈಲ್ ಪರದೆಯ ಮೇಲೆ "ಏಕಮುಖ ಪ್ರಯಾಣ ಕೇವಲ ರೂ. 999ರಿಂದ ಆರಂಭ" ಎಂಬ ಮಾದರಿಯ ಜಾಹೀರಾತುಗಳು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತವೆ.

ಕಡಿಮೆ ದರವನ್ನು ಪ್ರಕಟಿಸುವುದು ತಪ್ಪಲ್ಲ. ವಿಮಾನ ಸಂಸ್ಥೆಗಳ ನಡುವಣ ಸ್ಪರ್ಧೆಯಿಂದ ದರಗಳು ಇಳಿದರೆ ಅದರ ಲಾಭವು ಪ್ರಯಾಣಿಕರಿಗೇ ಸಲ್ಲುತ್ತದೆ. ಆದರೆ ಪ್ರಯಾಣಿಕನು ಕೊನೆಗೆ ತೆರಬೇಕಾದ ಪೂರ್ಣ ಮೊತ್ತವನ್ನಾಗಲಿ, ಆ ದರಕ್ಕೆ ಅಂಟಿಕೊಂಡಿರುವ ಷರತ್ತುಗಳನ್ನಾಗಲಿ ಮರೆಮಾಚಿ, ಎಲ್ಲಕ್ಕಿಂತ ಚಿಕ್ಕದಾದ ಒಂದು ಅಂಕಿಯನ್ನು ಮಾತ್ರ ದಪ್ಪಕ್ಷರದಲ್ಲಿ ತೋರಿಸಿದಾಗ ಆ ಜಾಹೀರಾತು ದಾರಿ ತಪ್ಪಿಸುವ ಜಾಹೀರಾತಾಗುತ್ತದೆ. ಈ ಎರಡರ ನಡುವಣ ವ್ಯತ್ಯಾಸವನ್ನು ಅರಿತುಕೊಳ್ಳುವುದು ಪ್ರತಿಯೊಬ್ಬ ಗ್ರಾಹಕನಿಗೂ ಅವಶ್ಯವಾಗಿದೆ.

ದರ ನಿಗದಿಯ ಹಿನ್ನೆಲೆ

1953ರ ವಾಯು ನಿಗಮಗಳ ಅಧಿನಿಯಮದ ಮೂಲಕ ಭಾರತದ ನಿಯಮಿತ ವಿಮಾನಯಾನವು ಸರ್ಕಾರದ ನಿಗಮಗಳ ವಶಕ್ಕೆ ಬಂದಿತು. 1994ರಲ್ಲಿ ಆ ಅಧಿನಿಯಮವು ರದ್ದಾಗಿ, ಖಾಸಗಿ ಸಂಸ್ಥೆಗಳಿಗೆ ಈ ಕ್ಷೇತ್ರವು ತೆರೆದುಕೊಂಡಿತು. 2003ರಲ್ಲಿ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ಸ್ಥಾಪಿಸಿದ ಏರ್ ಡೆಕ್ಕನ್ ಸಂಸ್ಥೆಯು ಬೆಂಗಳೂರು ಮತ್ತು ಹುಬ್ಬಳ್ಳಿಗಳ ನಡುವೆ ಹಾರಾಟ ಆರಂಭಿಸಿ, ಅಗ್ಗದ ದರದ ವಿಮಾನಯಾನವನ್ನು ದೇಶಕ್ಕೆ ಪರಿಚಯಿಸಿತು. ಅನಂತರದ ವರ್ಷಗಳಲ್ಲಿ ಒಂದು ರೂಪಾಯಿ ಮೂಲದರದ ಟಿಕೆಟ್ಟುಗಳೂ ಮಾರಾಟವಾದವು. ಹಿಂದೆಂದೂ ವಿಮಾನ ಹತ್ತದಿದ್ದ ಅನೇಕರು ಆ ಕಾಲದಲ್ಲಿ ಮೊದಲ ಬಾರಿಗೆ ಆಕಾಶಯಾನ ಮಾಡಿದರು. ಮೂಲದರವೇ ಬೇರೆ, ಪ್ರಯಾಣಿಕನು ತೆರುವ ಒಟ್ಟು ಮೊತ್ತವೇ ಬೇರೆ ಎಂಬ ಸಂಗತಿಯೂ ಜನಸಾಮಾನ್ಯರ ಅನುಭವಕ್ಕೆ ಬಂದುದು ಆಗಲೇ.

ಪ್ರಸ್ತುತ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಸರ್ಕಾರವು ವಿಮಾನ ದರಗಳನ್ನು ನಿಗದಿಪಡಿಸುವುದಿಲ್ಲ. 1937ರ ವಿಮಾನ ನಿಯಮಗಳ 135ನೇ ನಿಯಮವು ರೂಪಿಸಿದ ತತ್ವದಂತೆ, ಕಾರ್ಯಾಚರಣೆಯ ವೆಚ್ಚ, ಸೇವೆಯ ಸ್ವರೂಪ, ನ್ಯಾಯಯುತ ಲಾಭ ಮತ್ತು ಚಾಲ್ತಿಯಲ್ಲಿರುವ ದರಗಳನ್ನು ಗಮನದಲ್ಲಿರಿಸಿಕೊಂಡು ಆಯಾ ಸಂಸ್ಥೆಗಳೇ ತಮ್ಮ ದರಗಳನ್ನು ಗೊತ್ತುಪಡಿಸುತ್ತವೆ. ಕೋವಿಡ್ ಪಿಡುಗಿನ ಅಸಾಧಾರಣ ಸನ್ನಿವೇಶದಲ್ಲಿ 2020ರ ಮೇ ತಿಂಗಳಿನಿಂದ 2022ರ ಆಗಸ್ಟ್ ಅಂತ್ಯದವರೆಗೆ ಕನಿಷ್ಠ ಮತ್ತು ಗರಿಷ್ಠ ದರಗಳ ಮಿತಿಯನ್ನು ಸರ್ಕಾರವು ವಿಧಿಸಿದ್ದುಂಟು. ದರವನ್ನು ನಿರ್ಧರಿಸುವ ಸ್ವಾತಂತ್ರ್ಯವು ಸಂಸ್ಥೆಗಳಿಗಿದ್ದರೂ, ಆ ದರವನ್ನು ಮರೆಮಾಚುವ ಸ್ವಾತಂತ್ರ್ಯವು ಅವುಗಳಿಗಿಲ್ಲ.

ಕನಿಷ್ಠ ದರ ಎಷ್ಟು ಆಸನಗಳಿಗೆ?

ಒಂದೇ ವಿಮಾನದಲ್ಲಿ, ಒಂದೇ ಸಾಲಿನಲ್ಲಿ ಕುಳಿತ ಇಬ್ಬರು ಪ್ರಯಾಣಿಕರು ಬೇರೆ ಬೇರೆ ದರ ತೆತ್ತಿರುವುದು ಸಾಮಾನ್ಯ ಸಂಗತಿ. ವಿಮಾನ ಸಂಸ್ಥೆಯು ತನ್ನ ಆಸನಗಳನ್ನು ಹಲವು ದರಶ್ರೇಣಿಗಳಾಗಿ ವಿಂಗಡಿಸಿರುತ್ತದೆ. ಅತ್ಯಂತ ಕೆಳಗಿನ ಶ್ರೇಣಿಯಲ್ಲಿ ಕೆಲವೇ ಆಸನಗಳಿರುತ್ತವೆ. ಅವು ಮಾರಾಟವಾದ ಕೂಡಲೇ ಮುಂದಿನ ಶ್ರೇಣಿಯ ದರವು ಜಾರಿಗೆ ಬರುತ್ತದೆ. ಪ್ರಯಾಣದ ದಿನವು ಸಮೀಪಿಸಿದಂತೆ, ಬೇಡಿಕೆಯು ಹೆಚ್ಚಿದಂತೆ ಉಳಿದ ಆಸನಗಳ ದರವು ಏರುತ್ತಾ ಹೋಗುತ್ತದೆ. ಹಬ್ಬದ ಮುನ್ನಾದಿನ ಊರಿಗೆ ಹೋಗುವ ದಿಕ್ಕಿನಲ್ಲಿಯೂ, ಹಬ್ಬ ಮುಗಿದ ಮರುದಿನ ನಗರಕ್ಕೆ ಮರಳುವ ದಿಕ್ಕಿನಲ್ಲಿಯೂ ಕೆಳಗಿನ ಶ್ರೇಣಿಯ ಆಸನಗಳು ದೊರೆಯುವುದು ಬಹು ವಿರಳ.

ಈ ಪದ್ಧತಿಯು ತನ್ನಷ್ಟಕ್ಕೆ ವಂಚನೆಯಲ್ಲ. ರೈಲ್ವೆಯೂ ಕೆಲವು ಗಾಡಿಗಳಲ್ಲಿ ಬೇಡಿಕೆಗೆ ಅನುಸಾರವಾಗಿ ಏರುವ ದರವನ್ನು ಅನುಸರಿಸುತ್ತದೆ. ಆದರೆ "ರಿಂದ ಆರಂಭ" ಎಂಬ ಪುಟ್ಟ ಮಾತಿನ ಅರ್ಥವನ್ನು ಗ್ರಾಹಕನು ಸರಿಯಾಗಿ ಗ್ರಹಿಸಬೇಕು. ಆ ದರವು ಎಲ್ಲ ಮಾರ್ಗಗಳಿಗೂ, ಎಲ್ಲ ದಿನಗಳಿಗೂ, ಎಲ್ಲ ಆಸನಗಳಿಗೂ ಅನ್ವಯಿಸುತ್ತದೆಂದು ಅದರ ಅರ್ಥವಲ್ಲ. ಯಾವುದೋ ಒಂದು ಹ್ರಸ್ವ ಮಾರ್ಗದಲ್ಲಿ, ಯಾವುದೋ ಕೆಲವು ದಿನಗಳಂದು, ಕೆಲವೇ ಆಸನಗಳಿಗೆ ಅದು ಲಭ್ಯವೆಂದಷ್ಟೇ ಅದರ ತಾತ್ಪರ್ಯ. ಟಿಕೆಟ್ ಕಾದಿರಿಸಬೇಕಾದ ಅವಧಿ ಒಂದು, ಪ್ರಯಾಣ ಮಾಡಬೇಕಾದ ಅವಧಿ ಇನ್ನೊಂದು ಆಗಿರುವುದೂ ಉಂಟು. ಹಬ್ಬ ಹಾಗೂ ದೀರ್ಘ ರಜೆಯ ದಿನಗಳನ್ನು ರಿಯಾಯಿತಿಯಿಂದ ಹೊರಗಿಡುವುದೂ ಉಂಟು.

ಟಿಕೆಟ್ಟಿನ ಮೊತ್ತದ ಅಂಗಗಳು

ವಿಮಾನ ಟಿಕೆಟ್ಟಿನ ಮೊತ್ತವು ಹಲವು ಅಂಗಗಳಿಂದ ಕೂಡಿರುತ್ತದೆ. ಮೊದಲನೆಯದು ಮೂಲದರ. ಕೆಲವು ಸಂಸ್ಥೆಗಳು ಇದರೊಡನೆ ಇಂಧನ ಶುಲ್ಕವನ್ನೂ ಸೇರಿಸುತ್ತವೆ. ಎರಡನೆಯದಾಗಿ, ವಿಮಾನ ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕ. ಇದು ನಿಲ್ದಾಣದಿಂದ ನಿಲ್ದಾಣಕ್ಕೆ ಬೇರೆಯಾಗಿರುತ್ತದೆ. ಪ್ರಮುಖ ನಿಲ್ದಾಣಗಳಲ್ಲಿ ಇದನ್ನು ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರವು ಗೊತ್ತುಪಡಿಸುತ್ತದೆ. ಮೂರನೆಯದು ವಿಮಾನಯಾನ ಭದ್ರತಾ ಶುಲ್ಕ. ನಾಲ್ಕನೆಯದು ಸರಕು ಮತ್ತು ಸೇವಾ ತೆರಿಗೆ. ಸಾಮಾನ್ಯ ದರ್ಜೆಯ ಪ್ರಯಾಣಕ್ಕೆ ಇದರ ದರ ಶೇಕಡ 5. ಇವೆಲ್ಲವೂ ಪ್ರಯಾಣಿಕನು ತಪ್ಪಿಸಿಕೊಳ್ಳಲಾಗದ ವೆಚ್ಚಗಳು.

ಇವುಗಳ ಮೇಲೆ, ಅಂತರ್ಜಾಲದ ಮೂಲಕ ಹಣ ಪಾವತಿ ಮಾಡುವಾಗ ವಿಧಿಸುವ ಅನುಕೂಲ ಶುಲ್ಕವು ಬರುತ್ತದೆ. ಅದು ಬಹುತೇಕ ಕೊನೆಯ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ. ಇದಲ್ಲದೆ ಬೇಕಾದ ಆಸನದ ಆಯ್ಕೆ, ಊಟ, ಹೆಚ್ಚುವರಿ ಸಾಮಾನು, ಪ್ರಯಾಣ ವಿಮೆ ಮೊದಲಾದ ಐಚ್ಛಿಕ ಸೇವೆಗಳಿವೆ. ಇವು ಬೇಕೆಂದವರು ಮಾತ್ರ ಹಣ ತೆರಬೇಕಾದ ಸೇವೆಗಳು. ಗ್ರಾಹಕನ ಅಪೇಕ್ಷೆಯಿಲ್ಲದೆ ಇವನ್ನು ಮೊದಲೇ ಗುರುತು ಹಾಕಿ ಬಿಲ್ಲಿಗೆ ಸೇರಿಸುವಂತಿಲ್ಲ.

ಏಕಮುಖ ದರದ ಮರ್ಮ

ಊರಿಗೆ ಹೋದವರು ಮರಳಿ ಬರಲೇಬೇಕು. ಹಾಗಿದ್ದರೂ ಜಾಹೀರಾತುಗಳು ಹೋಗಿಬರುವ ಒಟ್ಟು ವೆಚ್ಚವನ್ನು ಹೇಳದೆ ಏಕಮುಖ ದರವನ್ನೇ ಮುಂದೊಡ್ಡುವುದಕ್ಕೆ ಕಾರಣವು ಸ್ಪಷ್ಟವಾಗಿದೆ: ಅಂಕಿಯು ಅರ್ಧಕ್ಕಿಂತಲೂ ಚಿಕ್ಕದಾಗಿ ಕಾಣುತ್ತದೆ. ಓದುಗನು ಅದನ್ನು ಎರಡರಿಂದ ಗುಣಿಸಿ ಲೆಕ್ಕ ಮುಗಿಯಿತೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ಮರಳುವ ದಿಕ್ಕಿನ ದರವು ಬೇರೆಯೇ ಆಗಿರುತ್ತದೆ.

ವಿಷಯವನ್ನು ವಿಶದಪಡಿಸಲು ಒಂದು ಕಾಲ್ಪನಿಕ ಲೆಕ್ಕವನ್ನು ಪರಿಶೀಲಿಸಬಹುದು. ಮುಂಬೈಯಲ್ಲಿರುವ ನಾಲ್ವರ ಕುಟುಂಬವೊಂದು ಮಂಗಳೂರಿಗೆ ಹೋಗಿಬರಬೇಕಾಗಿದೆ ಎಂದಿಟ್ಟುಕೊಳ್ಳೋಣ. ಜಾಹೀರಾತಿನ ಏಕಮುಖ ದರ ರೂ. 999. ನಾಲ್ವರು ಹೋಗಿಬರಲು ಎಂಟು ಟಿಕೆಟ್ಟುಗಳಿಗೆ ರೂ. 7,992 ಆಗುವುದೆಂದು ಮನೆಯವರು ಅಂದಾಜು ಮಾಡುತ್ತಾರೆ. ಆದರೆ ಮೂಲದರ ರೂ. 999ಕ್ಕೆ ತೆರಿಗೆ ಸುಮಾರು ರೂ. 50, ನಿಲ್ದಾಣ ಹಾಗೂ ಭದ್ರತಾ ಶುಲ್ಕಗಳು ರೂ. 650, ಅನುಕೂಲ ಶುಲ್ಕ ರೂ. 350 ಸೇರಿದರೆ ಒಬ್ಬರ ಏಕಮುಖ ವೆಚ್ಚವೇ ರೂ. 2,049 ಆಗುತ್ತದೆ. ನಾಲ್ವರು ಹೋಗುವ ವೆಚ್ಚ ರೂ. 8,196. ಮರಳುವ ದಿನ ರಿಯಾಯಿತಿಯ ಆಸನಗಳು ಮುಗಿದಿದ್ದು, ಎಲ್ಲ ಸೇರಿ ತಲಾ ರೂ. 5,000 ಆದರೆ ಮತ್ತೆ ರೂ. 20,000 ಬೇಕು. ಒಟ್ಟು ವೆಚ್ಚವು ರೂ. 28,196, ಅಂದರೆ ಮೊದಲ ಅಂದಾಜಿನ ಮೂರೂವರೆ ಪಟ್ಟು. ಮೂಲದರವು ನಿಜವಾಗಿಯೂ ರೂ. 999 ಆಗಿದ್ದಿರಬಹುದು, ಅಂಕಿಯು ಸುಳ್ಳಲ್ಲ. ಆದರೂ ಅದು ಕುಟುಂಬದ ಲೆಕ್ಕಾಚಾರವನ್ನು ತಪ್ಪುದಾರಿಗೆ ಎಳೆಯಿತು.

ವಿದೇಶ ಪ್ರಯಾಣದ ಜಾಹೀರಾತುಗಳಲ್ಲಿ ಇನ್ನೊಂದು ಬಗೆಯನ್ನು ಕಾಣಬಹುದು. ಹೋಗಿಬರುವ ಟಿಕೆಟ್ಟನ್ನು ಒಟ್ಟಿಗೆ ಕೊಂಡವರಿಗೆ ಮಾತ್ರ ಅನ್ವಯಿಸುವ ದರವನ್ನು ಎರಡು ಭಾಗ ಮಾಡಿ, ಒಂದು ಭಾಗವನ್ನು ಏಕಮುಖ ದರವೆಂಬಂತೆ ತೋರಿಸಲಾಗುತ್ತದೆ. ಹೋಗುವ ಟಿಕೆಟ್ಟನ್ನಷ್ಟೇ ಕೊಳ್ಳಬಯಸುವ ವಿದ್ಯಾರ್ಥಿಗೋ ಕಾರ್ಮಿಕನಿಗೋ ಆ ದರವು ದೊರೆಯುವುದೇ ಇಲ್ಲ.

ನಷ್ಟವು ಹಣದ್ದು ಮಾತ್ರವಲ್ಲ

ಇಂತಹ ಜಾಹೀರಾತಿನಿಂದ ಆಗುವ ಹಾನಿಯನ್ನು ಹೆಚ್ಚಾಗಿ ತೆತ್ತ ಹಣದಿಂದ ಮಾತ್ರ ಅಳೆಯಲಾಗದು. ಮುಂಬೈಯಿಂದ ಕರಾವಳಿಗೆ ಸಾಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಾಗಲಿ, ದೆಹಲಿಯಿಂದ ಬೆಂಗಳೂರಿಗೆ ಸಾಗುವ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಾಗಲಿ ಹಬ್ಬದ ಕಾಲಕ್ಕೆ ಆಸನ ದೊರೆಯಬೇಕಾದರೆ ಮುಂಗಡವಾಗಿ ಕಾದಿರಿಸುವುದು ಅನಿವಾರ್ಯ. ರೈಲಿನ ಮುಂಗಡ ಕಾದಿರಿಸುವಿಕೆಯ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಅಗ್ಗದ ವಿಮಾನ ದರವನ್ನು ನೆಚ್ಚಿಕೊಂಡು ಆ ಮೊದಲ ದಿನಗಳನ್ನು ಕಳೆದುಕೊಂಡ ಕುಟುಂಬಕ್ಕೆ, ವಿಮಾನದ ನಿಜವೆಚ್ಚ ತಿಳಿಯುವ ವೇಳೆಗೆ ರೈಲಿನ ಆಸನವೂ ಕೈತಪ್ಪಿರುತ್ತದೆ. ಆಗ ಅದರ ಮುಂದೆ ಉಳಿಯುವ ಮಾರ್ಗಗಳು ಎರಡೇ: ಸಾಲ ಮಾಡಿಯಾದರೂ ದುಬಾರಿ ಟಿಕೆಟ್ಟನ್ನು ಕೊಳ್ಳುವುದು ಅಥವಾ ಪ್ರಯಾಣವನ್ನೇ ಕೈಬಿಡುವುದು. ಮಿತವಾದ ಸಂಬಳದಲ್ಲಿ ಜೀವನ ಸಾಗಿಸುವವರಿಗೆ ಇದು ಅಲ್ಪ ಸಂಗತಿಯಲ್ಲ. ಪೂರ್ಣ ದರವನ್ನು ಮೊದಲೇ ಪ್ರಾಮಾಣಿಕವಾಗಿ ತಿಳಿಸುವ ಸಂಸ್ಥೆಯೂ ಈ ಪೈಪೋಟಿಯಲ್ಲಿ ಹಿಂದೆ ಬೀಳುವುದರಿಂದ ಆರೋಗ್ಯಕರ ಸ್ಪರ್ಧೆಗೂ ಧಕ್ಕೆಯುಂಟಾಗುತ್ತದೆ.

ಕಾನೂನಿನ ರಕ್ಷಣೆ

ಅಗ್ಗದ ಬೆಲೆಯ ಆಮಿಷವೊಡ್ಡಿ, ಆ ಬೆಲೆಗೆ ಸರಕನ್ನಾಗಲಿ ಸೇವೆಯನ್ನಾಗಲಿ ಒದಗಿಸುವ ಉದ್ದೇಶವಿಲ್ಲದ ಜಾಹೀರಾತುಗಳನ್ನು ಭಾರತದ ಕಾನೂನು ಬಹುಕಾಲದಿಂದ ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸಿದೆ. ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಅಧಿನಿಯಮಕ್ಕೆ 1984ರಲ್ಲಿ ಈ ಕುರಿತ ಉಪಬಂಧಗಳನ್ನು ಸೇರಿಸಲಾಯಿತು. 1986ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಸಾಮಾನ್ಯ ಗ್ರಾಹಕನಿಗೆ ಸುಲಭ ನ್ಯಾಯದ ಬಾಗಿಲನ್ನು ತೆರೆಯಿತು. ಅದರ ಸ್ಥಾನದಲ್ಲಿ 2020ರ ಜುಲೈ ತಿಂಗಳಿನಿಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಜಾರಿಯಲ್ಲಿದೆ.

ಈ ಅಧಿನಿಯಮದ ಪ್ರಕಾರ ಸರಕು ಅಥವಾ ಸೇವೆಯನ್ನು ಸುಳ್ಳಾಗಿ ಬಣ್ಣಿಸುವ ಜಾಹೀರಾತು ಮಾತ್ರವಲ್ಲ, ಮುಖ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವ ಜಾಹೀರಾತೂ ದಾರಿ ತಪ್ಪಿಸುವ ಜಾಹೀರಾತೇ ಆಗುತ್ತದೆ. ಇಂತಹ ಪ್ರಕರಣಗಳನ್ನು ವಿಚಾರಿಸಲು 2020ರಲ್ಲಿ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವನ್ನು ಸ್ಥಾಪಿಸಲಾಗಿದೆ. ಜಾಹೀರಾತನ್ನು ನಿಲ್ಲಿಸುವಂತೆ ಅಥವಾ ತಿದ್ದುವಂತೆ ಆದೇಶಿಸುವ, 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸುವ ಮತ್ತು ತಪ್ಪು ಮರುಕಳಿಸಿದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸುವ ಅಧಿಕಾರವು ಈ ಪ್ರಾಧಿಕಾರಕ್ಕಿದೆ.

2022ರ ಜೂನ್ ತಿಂಗಳಲ್ಲಿ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಗಳು ಆಮಿಷದ ಜಾಹೀರಾತನ್ನು ಪ್ರತ್ಯೇಕವಾಗಿ ಹೆಸರಿಸಿವೆ. ಕಡಿಮೆ ಬೆಲೆಯ ಆಕರ್ಷಣೆಯನ್ನು ಪ್ರಕಟಿಸುವವರು ಆ ಬೆಲೆಗೆ ಸಾಕಷ್ಟು ಪ್ರಮಾಣದಲ್ಲಿ ಸೇವೆ ಒದಗಿಸಲು ಸಿದ್ಧರಿರಬೇಕು; ಲಭ್ಯತೆಯು ಸೀಮಿತವಾಗಿದ್ದಲ್ಲಿ ಅದನ್ನೂ, ಇತರ ನಿರ್ಬಂಧಗಳಿದ್ದಲ್ಲಿ ಅವನ್ನೂ ಸ್ಪಷ್ಟವಾಗಿ ತಿಳಿಸಬೇಕು. ಷರತ್ತುಗಳ ಟಿಪ್ಪಣಿಯು ಮುಖ್ಯ ಘೋಷಣೆಗೆ ವಿರುದ್ಧವಾಗಿರಕೂಡದು. ಘೋಷಣೆಯು ಯಾವ ಭಾಷೆಯಲ್ಲಿದೆಯೋ ಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ದೊಡ್ಡದಾಗಿ ದರವನ್ನು ಸಾರಿ, ಷರತ್ತುಗಳನ್ನು ಇಂಗ್ಲಿಷಿನ ಸೂಕ್ಷ್ಮಾಕ್ಷರಗಳಲ್ಲಿ ಅಡಗಿಸುವ ಪದ್ಧತಿಗೆ ಇಲ್ಲಿ ಅವಕಾಶವಿಲ್ಲ.

2023ರ ನವೆಂಬರ್ 30ರಂದು ಪ್ರಕಟವಾದ ಇನ್ನೊಂದು ಮಾರ್ಗಸೂಚಿಯು ಅಂತರ್ಜಾಲ ವ್ಯಾಪಾರದಲ್ಲಿ ಗ್ರಾಹಕನನ್ನು ಮರುಳುಗೊಳಿಸುವ 13 ಬಗೆಯ ತಂತ್ರಗಳನ್ನು ಪಟ್ಟಿಮಾಡಿ ನಿಷೇಧಿಸಿದೆ. ಬೆಲೆಯ ಅಂಶಗಳನ್ನು ಮೊದಲೇ ತಿಳಿಸದೆ ಹಂತಹಂತವಾಗಿ ಹೊರಗೆಡಹುವುದು, ಗ್ರಾಹಕನ ಒಪ್ಪಿಗೆಯಿಲ್ಲದೆ ವಿಮೆ ಅಥವಾ ದೇಣಿಗೆಯಂತಹ ಬಾಬತ್ತುಗಳನ್ನು ಬಿಲ್ಲಿಗೆ ಸೇರಿಸುವುದು, ಇಲ್ಲದ ಅವಸರವನ್ನು ಸೃಷ್ಟಿಸಿ ಕೂಡಲೇ ಕೊಳ್ಳುವಂತೆ ಒತ್ತಾಯಿಸುವುದು ಈ ಪಟ್ಟಿಯಲ್ಲಿವೆ.

ಇತರ ದೇಶಗಳ ಕ್ರಮ

ಈ ಸಮಸ್ಯೆಯು ಭಾರತಕ್ಕೆ ಮಾತ್ರ ಸೀಮಿತವಾದುದಲ್ಲ. ಯುರೋಪಿಯನ್ ಒಕ್ಕೂಟವು 2008ರ ತನ್ನ ನಿಯಮಾವಳಿಯಲ್ಲಿ, ತಪ್ಪಿಸಲಾಗದ ಎಲ್ಲ ತೆರಿಗೆ ಮತ್ತು ಶುಲ್ಕಗಳನ್ನು ಒಳಗೊಂಡ ಅಂತಿಮ ಬೆಲೆಯನ್ನು ಸದಾಕಾಲ ಸೂಚಿಸತಕ್ಕದ್ದೆಂದು ವಿಧಿಸಿತು. ಅಮೆರಿಕದಲ್ಲಿ 2012ರ ಜನವರಿ 26ರಿಂದ ಇಂತಹುದೇ ಪೂರ್ಣ ದರದ ನಿಯಮವು ಜಾರಿಗೆ ಬಂದಿತು. ಹೋಗಿಬರುವ ಟಿಕೆಟ್ಟನ್ನು ಕೊಂಡವರಿಗೆ ಮಾತ್ರ ಸಲ್ಲುವ ದರವನ್ನು ಏಕಮುಖ ದರವೆಂದು ಕರೆಯಕೂಡದು. ಅದನ್ನು ಪ್ರತಿ ದಿಕ್ಕಿನ ದರವೆಂದು ಕರೆದು, ಷರತ್ತನ್ನು ಜೊತೆಗೇ ಎದ್ದುಕಾಣುವಂತೆ ನಮೂದಿಸಬೇಕೆಂದು ಆ ನಿಯಮವು ಹೇಳುತ್ತದೆ. ಕೆಲವು ವಿಮಾನ ಸಂಸ್ಥೆಗಳು ಈ ನಿಯಮವನ್ನು ಪ್ರಶ್ನಿಸಿದಾಗ ನ್ಯಾಯಾಲಯವು ಅದೇ ವರ್ಷ ನಿಯಮವನ್ನು ಎತ್ತಿಹಿಡಿಯಿತು. ಆಸ್ಟ್ರೇಲಿಯಾದಲ್ಲಿ ಕಾದಿರಿಸುವಿಕೆಯ ಶುಲ್ಕವನ್ನು ತಡವಾಗಿ ಹೊರಗೆಡಹಿದ ಕಾರಣಕ್ಕಾಗಿ 2017ರಲ್ಲಿ ಜೆಟ್‌ಸ್ಟಾರ್ ಸಂಸ್ಥೆಗೆ 5,45,000 ಡಾಲರ್ ಮತ್ತು ವರ್ಜಿನ್ ಆಸ್ಟ್ರೇಲಿಯಾ ಸಂಸ್ಥೆಗೆ 2,00,000 ಡಾಲರ್ ದಂಡವನ್ನು ಅಲ್ಲಿನ ಫೆಡರಲ್ ನ್ಯಾಯಾಲಯವು ವಿಧಿಸಿತು.

ಗ್ರಾಹಕರು ಗಮನಿಸಬೇಕಾದ ಅಂಶಗಳು

1. ಜಾಹೀರಾತಿನ ದರವು ಎಲ್ಲ ತೆರಿಗೆ ಮತ್ತು ಶುಲ್ಕಗಳನ್ನು ಒಳಗೊಂಡಿದೆಯೇ ಎಂಬುದನ್ನು ಮೊದಲು ಪರಿಶೀಲಿಸಬೇಕು.

2. ಯಾವ ಮಾರ್ಗಕ್ಕೆ, ಯಾವ ಪ್ರಯಾಣಾವಧಿಗೆ ದರವು ಅನ್ವಯಿಸುತ್ತದೆ, ಯಾವ ದಿನಗಳನ್ನು ಹೊರತುಪಡಿಸಲಾಗಿದೆ ಎಂಬುದನ್ನು ಓದಬೇಕು.

3. ಹೋಗುವ ಟಿಕೆಟ್ಟಿಗೆ ಹಣ ಪಾವತಿ ಮಾಡುವ ಮುನ್ನ ಮರಳುವ ದಿನದ ಪೂರ್ಣ ದರವನ್ನೂ ನೋಡಿ, ಎರಡನ್ನೂ ಕೂಡಿಸಿ, ಕುಟುಂಬದ ಸದಸ್ಯರ ಸಂಖ್ಯೆಯಿಂದ ಗುಣಿಸಬೇಕು. ಎಲ್ಲರ ಹೆಸರಿಗೂ ಒಂದೇ ದರವು ದೊರೆಯುವುದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

4. ವಿಮಾನದ ನಿಜವೆಚ್ಚವು ಖಚಿತವಾಗುವವರೆಗೆ ರೈಲು ಅಥವಾ ಬಸ್ಸಿನ ಅವಕಾಶವನ್ನು ಕೈಬಿಡಬಾರದು.

5. ಹಣ ಪಾವತಿಯ ಪುಟದಲ್ಲಿ ಬೇಡದ ಬಾಬತ್ತುಗಳಿಗೆ ಮೊದಲೇ ಗುರುತು ಹಾಕಿದ್ದರೆ ಅವನ್ನು ತೆಗೆದುಹಾಕಬೇಕು.

6. ಟಿಕೆಟ್ ರದ್ದತಿಯ ಷರತ್ತುಗಳನ್ನು ತಿಳಿದಿರಬೇಕು. ರಿಯಾಯಿತಿ ದರದ ಟಿಕೆಟ್ಟುಗಳ ಮೂಲದರವು ಹಲವು ವೇಳೆ ಹಿಂದಿರುಗುವುದಿಲ್ಲ. ಆದರೆ ಅಂತಹ ಟಿಕೆಟ್ಟು ರದ್ದಾದಾಗಲೂ, ಪ್ರಯಾಣಿಕನು ಪ್ರಯಾಣಿಸದೆ ಉಳಿದಾಗಲೂ, ಶಾಸನಬದ್ಧ ತೆರಿಗೆಗಳನ್ನೂ ವಿಮಾನ ನಿಲ್ದಾಣದ ಶುಲ್ಕಗಳನ್ನೂ ಹಿಂದಿರುಗಿಸತಕ್ಕದ್ದೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ಅಗ್ಗದ ಟಿಕೆಟ್ಟಿನಲ್ಲಿ ಈ ಮೊತ್ತವೇ ಗಣನೀಯ ಭಾಗವಾಗಿರುವುದರಿಂದ ಅದನ್ನು ಕೇಳಿ ಪಡೆಯಬೇಕು.

7. ಜಾಹೀರಾತಿನ ಪ್ರತಿ, ಮೊದಲು ಕಂಡ ದರ, ಕೊನೆಗೆ ತೋರಿಸಿದ ಮೊತ್ತ ಹಾಗೂ ಹಣ ಪಾವತಿಯ ರಸೀದಿ ಇವುಗಳನ್ನು ದಿನಾಂಕಸಹಿತ ಕಾಪಾಡಿಕೊಳ್ಳಬೇಕು. ಪರದೆಯ ಮೇಲಿನ ದರವು ಗಂಟೆಗಂಟೆಗೆ ಬದಲಾಗುವುದರಿಂದ, ಆ ಕ್ಷಣದಲ್ಲಿ ಪರದೆಯ ಚಿತ್ರವನ್ನು ತೆಗೆದಿಟ್ಟುಕೊಳ್ಳದಿದ್ದರೆ ಅನಂತರ ಪುರಾವೆ ಉಳಿಯುವುದಿಲ್ಲ.

ದೂರು ಸಲ್ಲಿಸುವ ವಿಧಾನ

ಮೊದಲಿಗೆ ವಿಮಾನ ಸಂಸ್ಥೆಗೆ ಅಥವಾ ಟಿಕೆಟ್ಟು ಮಾರಿದ ಸಂಸ್ಥೆಗೆ ಲಿಖಿತವಾಗಿ ದೂರು ನೀಡಿ, ಅದರ ಸಂಖ್ಯೆಯನ್ನು ಪಡೆಯಬೇಕು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು. ಈ ಸಹಾಯವಾಣಿಯ ಸೇವೆಯು ಕನ್ನಡವೂ ಸೇರಿದಂತೆ 17 ಭಾಷೆಗಳಲ್ಲಿ ದೊರೆಯುವುದರಿಂದ, ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರು ತಮ್ಮ ಅಹವಾಲನ್ನು ತಮ್ಮ ಭಾಷೆಯಲ್ಲಿಯೇ ಹೇಳಿಕೊಳ್ಳಬಹುದಾಗಿದೆ. ವಿಮಾನಯಾನಕ್ಕೆ ಸಂಬಂಧಿಸಿದ ದೂರುಗಳಿಗಾಗಿ ನಾಗರಿಕ ವಿಮಾನಯಾನ ಸಚಿವಾಲಯವು 2016ರಲ್ಲಿ ಆರಂಭಿಸಿದ ಏರ್‌ಸೇವಾ ವ್ಯವಸ್ಥೆಯೂ ಇದೆ. ಜಾಹೀರಾತಿನ ಸ್ವರೂಪದ ಬಗೆಗೆ ಮಾತ್ರ ಆಕ್ಷೇಪವಿದ್ದಲ್ಲಿ, 1985ರಲ್ಲಿ ಸ್ಥಾಪಿತವಾದ ಭಾರತೀಯ ಜಾಹೀರಾತು ಮಾನದಂಡ ಮಂಡಳಿಗೂ ದೂರು ಕೊಡಬಹುದು.

ಹಣದ ನಷ್ಟಕ್ಕೆ ಪರಿಹಾರ ಬೇಕಾದಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬೇಕು. ಹಿಂದೆ ಸಾಮಾನ್ಯವಾಗಿ ಎದುರು ಪಕ್ಷದ ಕಚೇರಿ ಇರುವ ಅಥವಾ ವ್ಯಾಜ್ಯದ ಕಾರಣವು ಉಂಟಾದ ಸ್ಥಳದಲ್ಲಿ ದೂರು ಸಲ್ಲಿಸಬೇಕಾಗಿತ್ತು. 2019ರ ಅಧಿನಿಯಮದ ಪ್ರಕಾರ ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಪುಣೆಯಲ್ಲಿ ನೆಲೆಸಿದವರು ಬೇರೆ ರಾಜ್ಯದಲ್ಲಿರುವ ಸಂಸ್ಥೆಯ ವಿರುದ್ಧ ಪುಣೆಯಲ್ಲಿಯೇ ನ್ಯಾಯ ಕೇಳಬಹುದು. ತೆತ್ತ ಮೊತ್ತವು 5 ಲಕ್ಷ ರೂಪಾಯಿಗಳನ್ನು ಮೀರದಿದ್ದಲ್ಲಿ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದೂ ಕಡ್ಡಾಯವಲ್ಲ. ವ್ಯಾಜ್ಯದ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರನ್ನು ಸಲ್ಲಿಸತಕ್ಕದ್ದು.

ಮೋಸಹೋದ ಮೊತ್ತವು ಕೆಲವು ನೂರು ರೂಪಾಯಿಗಳಷ್ಟೇ ಎಂದು ಅನೇಕರು ಸುಮ್ಮನಾಗುತ್ತಾರೆ. ಆದರೆ ಒಬ್ಬ ಪ್ರಯಾಣಿಕನಿಗೆ ಅಲ್ಪವಾದ ಮೊತ್ತವು ಸಾವಿರಾರು ಪ್ರಯಾಣಿಕರಿಂದ ಸಂಗ್ರಹವಾದಾಗ ದೊಡ್ಡ ಮೊತ್ತವಾಗುತ್ತದೆ. ದಾರಿ ತಪ್ಪಿಸುವ ಜಾಹೀರಾತು ಬಾಳುವುದು ಈ ಮೌನದ ಬಲದಿಂದಲೇ. ದೂರುಗಳು ದಾಖಲಾದಾಗ ಮಾತ್ರ ಒಂದೇ ಬಗೆಯ ತಪ್ಪು ಪದೇ ಪದೇ ನಡೆಯುತ್ತಿರುವುದು ಪ್ರಾಧಿಕಾರದ ಗಮನಕ್ಕೆ ಬರುತ್ತದೆ. ವಿಮಾನ ದರವು ಅಗ್ಗವೋ ದುಬಾರಿಯೋ ಎಂಬುದನ್ನು ಜಾಹೀರಾತಿನ ಮೊದಲ ಅಂಕಿಯಿಂದ ತೀರ್ಮಾನಿಸದೆ, ಮನೆಯಿಂದ ಹೊರಟು ಮನೆಗೆ ಮರಳುವವರೆಗಿನ ಒಟ್ಟು ಮೊತ್ತದಿಂದ ತೀರ್ಮಾನಿಸುವುದು ಲೇಸು. ಆ ಮೊತ್ತವನ್ನು ಹಣ ಕೊಡುವ ಮುನ್ನವೇ ತಿಳಿದುಕೊಳ್ಳುವುದು ಗ್ರಾಹಕನಿಗೆ ಕಾನೂನು ನೀಡಿರುವ ಹಕ್ಕಾಗಿದೆ.